ಸೋಮವಾರದ ಬಂಗುಡೆ

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಮನೆಯ ಜಗಲಿಗೆ ಕೇರೆ ಹಾವೊಂದು ಬಂತು. ಮಂಗಳೂರಿನ ಬಿಜೈಯಲ್ಲಿ ಹಿತ್ತಿಲು, ಬಾವಿ, ಹಲಸಿನ ಮರ ಉಳಿಸಿಕೊಂಡ ಮನೆಗಳು ಈಗ ಕಡಿಮೆ. ಸುತ್ತ ಫ್ಲ್ಯಾಟ್ ಎದ್ದಾಗ ಒಕ್ಕಲೆಬ್ಬಿಸಿದ ಹಾವು ಮುಂಗುಸಿಗಳೆಲ್ಲ ನಮ್ಮಲ್ಲಿಗೇ ಬಿಡಾರ ಬದಲಿಸಿವೆ. ಆ ದಿನ ಮನೆಯಲ್ಲಿ ನಾದಿನಿ, ಅವಳ ಗಂಡ ಬಂದಿದ್ದರು. ನೆಂಟರು ಕುರ್ಚಿ ಹತ್ತಿದರು. ನಮ್ಮವರು "ಕೋಲು, ಕೋಲು" ಎನ್ನುತ್ತಾ ಕೋಲಿದ್ದ ಮೂಲೆಯೊಂದನ್ನು ಬಿಟ್ಟು ಉಳಿದ ಎಲ್ಲ ಮೂಲೆಗೂ ಓಡಿದರು. ನಾನು ಎರಡು ಸಲ ಚಪ್ಪಾಳೆ ತಟ್ಟಿ, ತುಟಿಯ ಮೇಲೆ ಬೆರಳಿಟ್ಟು, "ಎಲ್ಲರೂ ರೈಲು ಮಾಡಿ! ಮುಂದಿನವರ ಅಂಗಿ ಹಿಡ್ಕೊಳ್ಳಿ! ದೂಡಬಾರದು!" ಎಂದೆ.

ಎಪ್ಪತ್ತೆಂಟು ವರ್ಷದ ಅತ್ತೆ ಇಂಜಿನ್ ಆದರು. ಅವರ ಸೆರಗು ಹಿಡಿದು ನಾದಿನಿ, ನಾದಿನಿಯ ಚೂಡಿದಾರದ ಶಾಲು ಹಿಡಿದು ಅವಳ ಗಂಡ, ಅವರ ಅಂಗಿ ಹಿಡಿದು ಬ್ಯಾಂಕಿನ ಮ್ಯಾನೇಜರಾದ ನನ್ನ ಗಂಡ. ನಾಲ್ಕು ಬೋಗಿಯ ರೈಲು ಅಡುಗೆಮನೆ ಹಾದು ಹಿತ್ತಿಲಿಗೆ ಹೊರಟಿತು. ಯಾರೂ ದೂಡಲಿಲ್ಲ. ತೆಂಗಿನ ಕಟ್ಟೆ ಮುಟ್ಟಿದ ಮೇಲೆ ಅಭ್ಯಾಸದಂತೆ ತಲೆ ಎಣಿಸಿದೆ. ಒಂದು ಕಡಿಮೆ ಬಂತು. ಹತ್ತನೇ ತರಗತಿಯ ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೋಣೆಯಲ್ಲೇ ಮಲಗಿದ್ದ. ಹಾವು ಯಾವಾಗಲೋ ಹೋಗಿತ್ತು.

ಹದಿನೆಂಟು ವರ್ಷದಿಂದ ನಾನು ಎಲ್‌ಕೆಜಿ ಟೀಚರ್. ಈ ಕಸುಬು ಚಾಕ್‌ಪೀಸಿನ ಹುಡಿಯ ಹಾಗೆ ತೊಳೆದರೆ ಹೋಗುವಂಥದ್ದಲ್ಲ. ಊಟಕ್ಕೆ ಕೂತ ನೆಂಟರನ್ನು "ಎರಡೂ ಕೈ ತೊಳೆದ್ರಾ?" ಎಂದು ಕೇಳಿ ನಾಲಗೆ ಕಚ್ಚಿಕೊಂಡದ್ದುಂಟು. ಒಮ್ಮೆ ಸ್ಟೇಟ್‌ಬ್ಯಾಂಕಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಮುಂದಿನ ಸೀಟಿನ ಗಂಡಸಿನ ಕಾಲರ್ ಮಗುಚಿಕೊಂಡಿತ್ತು. ನನ್ನ ಮನಸ್ಸು ಎಲ್ಲಿತ್ತೋ, ಕೈ ತನ್ನ ಪಾಡಿಗೆ ಹೋಗಿ ಅದನ್ನು ಸರಿ ಮಾಡಿಬಿಟ್ಟಿತು. ಅವರು ತಿರುಗಿ ನೋಡಿದರು. ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದೆ. ಅವರು ಮಾತ್ರ ಬಹಳ ವಿನಯದಿಂದ, "ಥ್ಯಾಂಕ್ಯೂ ಟೀಚರ್" ಎಂದರು. ನನಗೆ ಅವರ ಪರಿಚಯವೇ ಇರಲಿಲ್ಲ.

ಹಾವಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೋಮವಾರ ಮಕ್ಕಳಿಗೆ ಪಂಜೆ ಮಂಗೇಶರಾಯರ ಹಾವಿನ ಹಾಡು ಹೇಳಿಕೊಡುವುದಿತ್ತು. ಪಂಜೆಯವರು ಇದೇ ಜಿಲ್ಲೆಯ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದವರು. ಮಂಗಳೂರಲ್ಲಿ ಮೇಷ್ಟ್ರಾಗಿದ್ದು, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದವರು. ಇನ್‌ಸ್ಪೆಕ್ಟರ್ ಎಂದರೆ ಮೇಷ್ಟ್ರುಗಳು ನಡುಗುವ ಆ ಕಾಲದಲ್ಲಿ 'ಕವಿಶಿಷ್ಯ' ಎಂಬ ಹೆಸರಿಟ್ಟುಕೊಂಡು ಮಕ್ಕಳಿಗೆ ಹಾಡು ಬರೆದರಲ್ಲ, ಅವರ ಎದುರಲ್ಲಾದರೆ ನಾನು ಪಾಠ ಮಾಡಿಯೇನು. ಇಂಗ್ಲಿಷ್ ಮೀಡಿಯಮ್ ಆದರೂ ಆ ಹಾಡನ್ನು ನಮ್ಮಲ್ಲಿ ಯಾರೂ ಬಿಟ್ಟಿಲ್ಲ. ಹಾಡಿಗೆ ರುಚಿ ಬರಲೆಂದು ನಮ್ಮ ಮನೆಯ ಹಾವಿನ ಸುದ್ದಿ ಹೇಳಿದೆ. "ಹಾಲು ಕೊಟ್ರಾ ಟೀಚರ್?" ಎಂದು ಒಬ್ಬಳು ಕೇಳಿದಳು. "ಟೀಚರ್ ಮನೆ ಅಂಕಲ್ ಎಂತ ಮಾಡಿದ್ರು?" ಎಂದು ಇನ್ನೊಬ್ಬ. ನಿಜ ಹೇಳಬೇಕೆಂದು ಮಕ್ಕಳಿಗೆ ದಿನಾ ಕಲಿಸುವವಳು ಸುಳ್ಳು ಹೇಳುವುದು ಹೇಗೆ?

ಬುಧವಾರ ನಮ್ಮವರು ಬ್ಯಾಂಕಿನಿಂದ ಬಂದವರು ಚೀಲ ಸೋಫಾದ ಮೇಲೆ ಎಸೆದರು. "ಎಂತ ಮಾರಾಯ್ತಿ ಇದು? ಎಫ್‌ಡಿ ಮಾಡಲಿಕ್ಕೆ ಬಂದವರು ಹಾವು ಹೋಯ್ತಾ ಸರ್ ಅಂತ ಕೇಳಿದ್ರು. ನಾನು ಮಂಚದಡಿಗೆ ಹೋದದ್ದಂತೆ!"

"ಮಂಚದಡಿಗೆ ಅಂತ ನಾನು ಹೇಳಲಿಲ್ಲ. ಅದು ಅವರವರು ಸೇರಿಸಿದ್ದು."

ಕನ್ನಡದ ಮೊದಲ ಪತ್ರಿಕೆ ಹೊರಟದ್ದು ನಮ್ಮೂರಿನಿಂದ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತೆಗೆದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅದು ಮರುವರ್ಷವೇ ಹೆಸರು ಬದಲಿಸಿ ಬಳ್ಳಾರಿಗೆ ಹೋಯಿತು. ಹೋದದ್ದೇಕೆ ಎಂಬುದಕ್ಕೆ ವಿದ್ವಾಂಸರಲ್ಲಿ ಬೇರೆ ಕಾರಣ ಇದ್ದೀತು. ನನಗನ್ನಿಸುವುದು, ನಾಲ್ಕು ವರ್ಷದ ಮಕ್ಕಳಿರುವ ಊರಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುವ ಸಮಾಚಾರವನ್ನು ಯಾರು ಕಾಯುತ್ತಾರೆ?

ನನ್ನ ಕ್ಲಾಸಿನಲ್ಲಿ ಇಪ್ಪತ್ತೆಂಟು ಮಕ್ಕಳು. ಅನ್ನಕ್ಕೆ ಒಬ್ಬ ನುಪ್ಪು ಎನ್ನುತ್ತಾನೆ, ಒಬ್ಬಳು ಶೀತ, ಕಾಸರಗೋಡು ಕಡೆಯವನು ಚೋರು. ಟೀಚರ್ ಆಗಲು ಸರ್ಟಿಫಿಕೇಟಿಗಿಂತ ಮೊದಲು ಬೇಕಾದದ್ದು 'ಬೇಡ' ಎಂಬ ಮಾತು ಎಲ್ಲ ಭಾಷೆಯಲ್ಲೂ ಅರ್ಥವಾಗುವುದು. ಜೂನ್ ತಿಂಗಳ ಮೊದಲ ವಾರ ಕಿವಿಗೆ ಬೀಳುವುದು ಅದೊಂದೇ: ತುಳುವಿನ ಬೊಡ್ಚಿ, ಕೊಂಕಣಿಯ ನಾಕಾ, ಮಲಯಾಳದ ವೇಂಡ. ಡಿಸೆಂಬರ್ ಹೊತ್ತಿಗೆ ಮಕ್ಕಳು ಇವನ್ನು ಅದಲುಬದಲು ಮಾಡಿಕೊಂಡಿರುತ್ತಾರೆ. ಕೊಂಕಣಿಯ ಹುಡುಗಿ ಬೊಡ್ಚಿ ಎಂದು ಕಾಲು ಬಡಿಯುತ್ತಾಳೆ. ನಾನೂ ಕಲಿತೆ. ನಾನು ಕಲಿತದ್ದನ್ನು ಮಗ ಕಲಿತ. "ಗಣಿತ ತೆಗಿ" ಎಂದರೆ ಈಗ ಮೂರು ಭಾಷೆಯಲ್ಲಿ ಉತ್ತರ ಬರುತ್ತದೆ.

ಅವನಿಗೆ ನನ್ನ ಮೇಲೆ ಹಳೆಯ ದೂರೊಂದಿದೆ. "ಶಾಲೆಯ ಮಕ್ಕಳೆಲ್ಲ ನಿಂಗೆ ಚಿನ್ನ, ಬಂಗಾರ. ನನ್ನನ್ನು ಮಾತ್ರ ಏ ಅಂತ ಕರಿಯೋದು." ಸುಳ್ಳಲ್ಲ. ಒಬ್ಬ ಮನುಷ್ಯಳಿಗೆ ದಿನಕ್ಕೆ ಇಂತಿಷ್ಟೇ ತಾಳ್ಮೆ ಎಂದು ಇರುತ್ತದೆ. ನನ್ನದು ಮಧ್ಯಾಹ್ನ ಒಂದು ಗಂಟೆಗೆ, ಕೊನೆಯ ಮಗುವಿನ ಶೂ ಲೇಸ್ ಕಟ್ಟುವ ಹೊತ್ತಿಗೆ ಮುಗಿಯುತ್ತದೆ. ಅಪರಾಧಿ ಭಾವ ಹೆಚ್ಚಾದಾಗ ನಾನು ದೊಡ್ಡವರನ್ನು ನೆನೆಯುತ್ತೇನೆ. 1840ರಲ್ಲಿ 'ಕಿಂಡರ್‌ಗಾರ್ಟನ್' ಎಂಬ ಹೆಸರು ಕೊಟ್ಟ ಜರ್ಮನಿಯ ಫ್ರೋಬೆಲ್ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. 1939ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದ ಟೀಚರುಗಳಿಗೆ ಪಾಠ ಹೇಳಿದ ಮಾರಿಯಾ ಮಾಂಟೆಸರಿಗೆ ಮಗನೊಬ್ಬನಿದ್ದ; ಎಳವೆಯಲ್ಲಿ ಅವನು ಬೆಳೆದದ್ದು ಹಳ್ಳಿಯ ಇನ್ನೊಂದು ಮನೆಯಲ್ಲಿ. ಇಬ್ಬರ ಮೇಲೂ ನನಗೆ ಅಪಾರ ಗೌರವ. ಆದರೆ ಶಾಲೆ ಬಿಟ್ಟು ಮನೆಗೆ ಬಂದು, ಕುಚ್ಚಲಕ್ಕಿ ಗಂಜಿಗೆ ಚಟ್ನಿ ಅರೆಯುತ್ತಾ, ಹತ್ತನೇ ತರಗತಿಯವನ ಜೊತೆ ಮೊಬೈಲಿಗಾಗಿ ಜಗಳ ಮಾಡಬೇಕಾದ ತಾಪತ್ರಯ ಇಬ್ಬರಿಗೂ ಇರಲಿಲ್ಲ.

ಮಳೆಯ ರಜೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಜುಲೈ ಒಂದೇ ತಿಂಗಳಲ್ಲಿ ಸುಮಾರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿದು. ರೆಡ್ ಅಲರ್ಟ್ ಬಂದ ರಾತ್ರಿ ಜಿಲ್ಲೆಯ ಮನೆಮನೆಯಲ್ಲೂ ಕಣ್ಣು ಮೊಬೈಲಿನ ಮೇಲೆ: ಜಿಲ್ಲಾಧಿಕಾರಿಗಳ ಆದೇಶ ಬಂತಾ? ಅಂಗನವಾಡಿಯಿಂದ ಪಿಯುವರೆಗೆ ಎಂದು ಇದೆಯಾ? ಹಳೆಯ ವರ್ಷದ ಆದೇಶವನ್ನು ಮತ್ತೆ ಕಳಿಸಿ ಆಸೆ ಹುಟ್ಟಿಸುವ ದ್ರೋಹಿಗಳೂ ಇರುತ್ತಾರೆ. ಮಕ್ಕಳು ಕಾಯುತ್ತಾರೆ ಎಂದು ಎಲ್ಲರೂ ತಿಳಿದಿದ್ದಾರೆ. ನಮ್ಮ ಮನೆಯಲ್ಲಿ ರಾತ್ರಿ ಹತ್ತೂವರೆಗೆ ನಿಜವಾದ ಆದೇಶ ಬಂದಾಗ "ಬಂತು!" ಎಂದು ಕುಣಿದದ್ದು ನಾನು. ಮಗ ಬಾಗಿಲಲ್ಲಿ ನಿಂತು, "ಅಮ್ಮಾ, ನೀನು ಟೀಚರ್ ಅಲ್ವಾ?" ಎಂದ. ಅತ್ತೆ ಕತ್ತಲಲ್ಲೇ, "ನಾಳೆ ಪತ್ರೊಡೆ ಮಾಡುವಾ, ಕೆಸುವಿನ ಎಲೆ ಉಂಟು" ಎಂದರು. ಮರುದಿನ ಎಂದಿನಂತೆ ಬಿಸಿಲು.

ಇನ್ನು ಬಂಗುಡೆ. ಜೂನ್, ಜುಲೈ ಎರಡು ತಿಂಗಳು ನಮ್ಮ ಕಡಲಲ್ಲಿ ಟ್ರಾಲ್ ಬೋಟುಗಳಿಗೆ ನಿಷೇಧ. ಆಗಸ್ಟಿನಲ್ಲಿ ಬೋಟು ಇಳಿದು ಒಳ್ಳೆಯ ಮೀನು ಬರುವುದಕ್ಕೂ ಶ್ರಾವಣದ ವ್ರತಗಳಿಗೂ ಸರಿಯಾಗುತ್ತದೆ. ದೇವರ ಪರೀಕ್ಷೆ ಎಂದರೆ ಇದೇ ಇರಬೇಕು. ಅಂಥ ಒಂದು ಮಂಗಳವಾರ ಬೆಳಿಗ್ಗೆ ಪುಟ್ಟ ಹುಡುಗನೊಬ್ಬ ನನ್ನ ಕಿವಿಯ ಹತ್ತಿರ ಬಂದ. "ಟೀಚರ್, ನಿನ್ನೆ ಅಪ್ಪ, ನಾನು ಬಂಗುಡೆ ಫ್ರೈ ತಿಂದ್ವಿ. ಕಾರಿನೊಳಗೆ. ಅಜ್ಜಿಗೆ ಹೇಳಬಾರದು. ಆಮೇಲೆ ಅಪ್ಪ ಕಾರಿಗೆ ಊದುಬತ್ತಿ ಹಚ್ಚಿದ್ರು." ಅಜ್ಜಿಗೆ ಹೇಳಬಾರದು ಎಂದಿದ್ದರು, ಅವನು ಹೇಳಲಿಲ್ಲ. ಟೀಚರಿಗೆ ಹೇಳಬಾರದು ಎಂದು ಯಾರೂ ಹೇಳಿರಲಿಲ್ಲ. ಮುಂದಿನ ಶನಿವಾರ ಪೋಷಕರ ಸಭೆಯಲ್ಲಿ ಅದೇ ತಂದೆ ಎದ್ದು ನಿಂತು ಮಕ್ಕಳಿಗೆ ಸಂಸ್ಕಾರ ಕಲಿಸುವ ಬಗ್ಗೆ ಐದು ನಿಮಿಷ ಮಾತಾಡಿದರು. ಅಜ್ಜಿ ಪಕ್ಕದಲ್ಲೇ ಕೂತು ತಲೆದೂಗುತ್ತಿದ್ದರು. ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿ ಇಪ್ಪತ್ತೆಂಟು ಹೆಸರುಗಳನ್ನೂ ಓದಿದೆ.

ಹೀಗೆ ಊರಿನವರ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಮದುವೆ ಹಾಲ್‌ಗಳಲ್ಲಿ ಗಂಭೀರವಾಗಿ ನಗುತ್ತಾ ತಿರುಗುತ್ತಿದ್ದೆ, ಕಳೆದ ಡಿಸೆಂಬರಿನವರೆಗೆ. ಆ ತಿಂಗಳ ಒಂದು ಮದುವೆಯಲ್ಲಿ ಐಸ್‌ಕ್ರೀಮಿನ ಸಾಲಿನಲ್ಲಿ ನನ್ನ ಮಗನ ಯುಕೆಜಿ ಟೀಚರ್ ಸಿಕ್ಕಿದರು. ಅವನು ಕಲಿತದ್ದು ನನ್ನ ಶಾಲೆಯಲ್ಲಲ್ಲ. ಅಮ್ಮನೇ ಟೀಚರಾದರೆ ಮಗು ಕಲಿಯುವುದಿಲ್ಲ ಎಂದು ಬೇರೆ ಕಡೆ ಹಾಕಿದ್ದೆವು. ನಿವೃತ್ತರಾದ ಅವರು ನನ್ನನ್ನು ನೋಡಿದ್ದೇ ತಡ ಮುಖ ಅರಳಿಸಿದರು. ಅದೇ ನಗು. ಮದುವೆ ಹಾಲ್‌ಗಳಲ್ಲಿ ನಾನು ನಗುವ ನಗು.

"ಈಗಲೂ ಬಾತ್‌ರೂಮಿನಲ್ಲಿ ಕೂತು ಚಾಕಲೇಟ್ ತಿನ್ನುವುದುಂಟಾ ನೀವು?" ಎಂದರು.

ಹಿಂದೆ ನಿಂತಿದ್ದ ನಮ್ಮವರು ಗಡ್‌ಬಡ್‌ನ ಲೋಟ ಹಿಡಿದುಕೊಂಡೇ ಬಗ್ಗಿ ಬಗ್ಗಿ ನಕ್ಕರು. ಹಾವಿನ ಲೆಕ್ಕ ಚುಕ್ತಾ. ಮಗ ಯಾರ ಮುಖವನ್ನೂ ನೋಡದೆ ಚೆರಿ ಹಣ್ಣು ಆರಿಸುತ್ತಿದ್ದ. ಒಂದು ಸ್ಟಾಫ್ ರೂಮು ಇಡೀ ಹತ್ತು ವರ್ಷದಿಂದ ನನ್ನ ಚಾಕಲೇಟಿನ ವಿಷಯ ತಿಳಿದುಕೊಂಡೇ ನನಗೆ ನಮಸ್ಕಾರ ಹೇಳುತ್ತಿತ್ತು.

ಆದ್ದರಿಂದ, ಪೋಷಕರೇ, ಸೋಮವಾರ ಬಂಗುಡೆ ತಿನ್ನುವುದಿದ್ದರೆ ತಿನ್ನಿ. ಮಗುವನ್ನು ಮಾತ್ರ ಮನೆಯಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಹೋಗಿ.