ಪಾಲಕ ಪುರಾಣ

ಮಕ್ಕಳನ್ನು ಬೆಳೆಸುವ ಪುಸ್ತಕಗಳನ್ನು ಮಕ್ಕಳು ಹುಟ್ಟುವ ಮೊದಲೇ ಓದಬೇಕಂತೆ. ನಾನು ಕೈಗೆತ್ತಿಕೊಂಡಾಗ ಮಗಳು ಒಂದನೇ ಕ್ಲಾಸಿಗೆ ಬಂದಾಗಿತ್ತು. ನಿಮಗೂ ಗೊತ್ತಿರುತ್ತೆ ಬಿಡಿ, ರಾತ್ರಿ ಇಂಥ ಪುಸ್ತಕ ಓದಿದ ಅಪ್ಪನಿಗೆ ಬೆಳಗಾಗುವಷ್ಟರಲ್ಲಿ ಮನೆಯನ್ನೆಲ್ಲ ಉದ್ಧಾರ ಮಾಡುವ ಹುಮ್ಮಸ್ಸು ಬಂದಿರುತ್ತೆ.

ಮೊದಲು ಸಿಕ್ಕಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್. ಮಕ್ಕಳನ್ನು ತಬ್ಬಿ ಮುದ್ದಿಸಬೇಡಿ, ಬೆಳಗ್ಗೆ ಕೈಕುಲುಕಿದರೆ ಸಾಕು ಅಂತ 1928ರಲ್ಲೇ ಬರೆದವರು. ಮರುದಿನ ಎದ್ದವನೇ ಭಾರೀ ಗಾಂಭೀರ್ಯದಿಂದ ಕೈ ಚಾಚಿದೆ. ಮಗಳು ನನ್ನ ಮುಖ ನೋಡಿ, ನೊರೆ ಸುರಿಯುತ್ತಿದ್ದ ಬ್ರಷ್ಷನ್ನು ನನ್ನ ಅಂಗೈಯಲ್ಲಿಟ್ಟು ಹಾಲು ಕುಡಿಯೋಕೆ ಹೋದಳು.

ಮುಂದಿನ ಅಧ್ಯಾಯದಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್. 1960ರ ದಶಕದಲ್ಲಿ ನರ್ಸರಿ ಮಕ್ಕಳನ್ನೂ ಅವರ ಹೆತ್ತವರನ್ನೂ ಗಮನಿಸಿ ಅವರು ಮೂರು ಬಗೆ ಗುರುತಿಸಿದರು: ತಾವು ಹೇಳಿದ್ದೇ ಕೊನೆ ಅನ್ನುವವರು, ಏನು ಮಾಡಿದರೂ ಸರಿ ಅನ್ನುವವರು, ಪ್ರೀತಿಯ ಜೊತೆಗೇ ಶಿಸ್ತು ಇಟ್ಟು ಕಾರಣ ಹೇಳಿ ನಡೆಸುವವರು. ಮೂರನೆಯವರ ಮಕ್ಕಳೇ ಹೆಚ್ಚು ಆತ್ಮವಿಶ್ವಾಸದಿಂದ, ಸಂಯಮದಿಂದ ಇರುವುದನ್ನು ಕಂಡರು. 1983ರಲ್ಲಿ ಎಲೀನರ್ ಮ್ಯಾಕೊಬಿ ಮತ್ತು ಜಾನ್ ಮಾರ್ಟಿನ್ ನಾಲ್ಕನೆಯ ಬಗೆ ಸೇರಿಸಿದರು: ಮಕ್ಕಳ ಗೊಡವೆಗೇ ಹೋಗದವರು. ಅದನ್ನು ಕ್ರಿಕೆಟ್ ಮ್ಯಾಚಿನ ದಿನಗಳಲ್ಲಿ ನಾನು ಪುಸ್ತಕ ಓದದೆಯೇ ಸಾಧಿಸಿದ್ದೆ. ಉಳಿದ ಮೂರನ್ನು ಪರೀಕ್ಷೆ ಮಾಡಲು ಹೊರಟೆ.

ಮೊದಲು ಕಟ್ಟುನಿಟ್ಟು. ಫ್ರಿಜ್ಜಿನ ಬಾಗಿಲಿಗೆ ನಿಯಮಾವಳಿ ಅಂಟಿಸಿದೆ. ಮೂರನೆಯದು: ತಟ್ಟೆಯಲ್ಲಿ ಏನೂ ಬಿಡುವಂತಿಲ್ಲ. ಅವತ್ತೇ ಅಮ್ಮ ಹಾಗಲಕಾಯಿ ಗೊಜ್ಜು ಮಾಡಬೇಕೇ! ಹೋಳುಗಳನ್ನು ಕರಿಬೇವಿನ ಅಡಿಯಲ್ಲಿ ಬಚ್ಚಿಡುವ ಕಲೆಯಲ್ಲಿ ನಾನು ಚಿಕ್ಕಂದಿನಿಂದ ಪಳಗಿದವನು. ಮಗಳು ಬೆರಳ ತುದಿಯಲ್ಲಿ ಒಂದೊಂದೇ ಎಲೆ ಸರಿಸಿ, "ಅಪ್ಪಾ, ಮೂರನೇ ರೂಲು" ಅಂದಳು. ನಾನು ಕಣ್ಣುಮುಚ್ಚಿ ಕೊನೆಯ ಹೋಳು ನುಂಗುವವರೆಗೂ ಕದಲಲಿಲ್ಲ. ಇಷ್ಟು ವರ್ಷ ತನ್ನ ಕೈಲಾಗದ್ದನ್ನು ಮೊಮ್ಮಗಳು ಮಾಡಿದಳೆಂಬ ಖುಷಿಗೆ ಅಮ್ಮ ಇನ್ನೊಂದು ಸೌಟು ಬಡಿಸಿದಳು.

ಕಹಿ ಇಳಿಯುವ ಮೊದಲೇ ಸಡಿಲ ಪದ್ಧತಿಗೆ ಹಾರಿದೆ. ಭಾನುವಾರ, "ಇವತ್ತೆಲ್ಲ ನಿನ್ನಿಷ್ಟ" ಅಂತ ಘೋಷಿಸಿ ಮಲಗಿದೆ. ಎದ್ದಾಗ ನಡುಮನೆಯ ತುಂಬ ಗೋಧಿಹಿಟ್ಟಿನ ರಂಗೋಲಿ, ಆಫೀಸಿನ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ. ಇಷ್ಟೇ ತಾನೆ ಅಂದುಕೊಂಡೆ. ನನ್ನ ಕಾಲಿನ ಉಗುರುಗಳಿಗೆ ಗುಲಾಬಿ ನೇಲ್ ಪಾಲಿಶ್ ಬಿದ್ದದ್ದು ನನಗೆ ಕಂಡದ್ದು ಸೋಮವಾರ, ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟ ಮೇಲೆ. ಅರ್ಚಕರಿಗೆ ನನಗಿಂತ ಮೊದಲೇ ಕಂಡಿತ್ತು. ಅಷ್ಟು ಸ್ವಾತಂತ್ರ್ಯ ಸಿಕ್ಕವಳು ಭಾನುವಾರ ರಾತ್ರಿ ಹನ್ನೊಂದಕ್ಕೆ ಬಂದು ಕೇಳಿದ್ದೇನು ಗೊತ್ತೇ? "ಅಪ್ಪಾ, ಮಲಕ್ಕೋ ಅಂತ ಯಾವಾಗ ಬೈತೀಯ? ನಿದ್ದೆ ಬರ್ತಿದೆ."

ಕೊನೆಗೆ ಕಾರಣ ಹೇಳುವ ಪದ್ಧತಿ. ದಿನಸಿ ಅಂಗಡಿಯಲ್ಲಿ ಮಗಳು ಗಾಜಿನ ಕಪಾಟಿನತ್ತ ಬೆರಳು ತೋರಿಸಿದ್ದೇ ತಡ, ಸಕ್ಕರೆ, ಬ್ಯಾಕ್ಟೀರಿಯಾ, ಆಮ್ಲ, ಹಲ್ಲಿನ ಎನಾಮಲ್ ಅಂತ ಉಪನ್ಯಾಸ ಶುರು ಮಾಡಿದೆ. ಹಿಂದೆ ಸಾಲು ಬೆಳೆಯಿತು. ಎಣ್ಣೆ ಕ್ಯಾನು ಹಿಡಿದ ಅಜ್ಜಿಯೊಬ್ಬರು ಕೂತೇಬಿಟ್ಟರು. ಎಲ್ಲ ತಾಳ್ಮೆಯಿಂದ ಕೇಳಿದ ಮಗಳು, "ಅಪ್ಪಾ, ನಾ ಕೇಳಿದ್ದು ಪೆನ್ಸಿಲ್" ಅಂದಳು.

ಮಾನದಲ್ಲಿ ಇನ್ನೂ ಅಷ್ಟಿಷ್ಟು ಉಳಿದಿತ್ತಲ್ಲ, ಅದು ಹೋದದ್ದು ಶಾಲೆಯ ಪಾಲಕರ ಸಭೆಯಲ್ಲಿ. ಒಂದನೇ ಕ್ಲಾಸಿನ ಕುರ್ಚಿಯಲ್ಲಿ ಕೂತು ಮಕ್ಕಳ ವಿಕಾಸದ ಬಗ್ಗೆ ಟೀಚರಿಗೇ ಪಾಠ ಹೇಳಿ ಎದ್ದೆ. ಕುರ್ಚಿಯೂ ಎದ್ದಿತು. ತಿರುಗಿದೆ, ಅದೂ ತಿರುಗಿ ಡಸ್ಟರ್, ಚಾಕ್ ಡಬ್ಬಿ ಎಲ್ಲ ಉರುಳಿದವು. ಆಗ ಮಗಳು ಬಂದು ಕೈ ಹಿಡಿದು, "ಹೆದರಬೇಡ ಅಪ್ಪಾ, ನಾನಿದ್ದೀನಿ. ಮೊದಲು ಉಸಿರು ಬಿಡು, ಆಮೇಲೆ ಬಗ್ಗು. ಎಳೀಬೇಡ, ಎಳೆದ್ರೆ ಪ್ಯಾಂಟ್ ಹರಿಯುತ್ತೆ" ಅಂದಳು. ಪ್ರೀತಿ, ನಿಯಮ, ಕಾರಣ ಮೂರೂ ಒಂದೇ ಉಸಿರಿನಲ್ಲಿ! ಬಾಮ್‌ರಿಂಡ್ ಮೆಚ್ಚುವಂಥ ಪಾಲಕರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ವಯಸ್ಸು ಆರು. ಅವಳ ಮಾತು ಮೀರಿ ಎಳೆದದ್ದು ನಾನೇ. ಅವಳು ಹೇಳಿದಂತೆಯೇ ಆಯಿತು.

ಆದ್ದರಿಂದ ಸಹಪಾಲಕರೇ, ಪುಸ್ತಕಗಳನ್ನು ಧಾರಾಳವಾಗಿ ಓದಿ. ಪಾಲಕರ ಸಭೆಗೆ ಹೋದಾಗ ಮಾತ್ರ ದಯವಿಟ್ಟು ನಿಂತುಕೊಂಡೇ ಮಾತಾಡಿ.