ಪಾಚಿ ತಿನ್ನುವವರು ಬೇಕಾಗಿದ್ದಾರೆ

ವಡೋದರಾ ಬಳಿಯ ಕೊಯಾಲಿಯ ರಿಫೈನರಿಯಲ್ಲಿ 1965ರಿಂದ ಕಚ್ಚಾ ತೈಲ ಶುದ್ಧವಾಗುತ್ತಿದೆ. ನಮ್ಮ ಮನೆಯ 40 ಲೀಟರ್ ಅಕ್ವೇರಿಯಂ ಮಾತ್ರ ಶುದ್ಧವಾಗಲೊಲ್ಲದು. ಗಿಡ ಚೆನ್ನಾಗಿ ಬರಲೆಂದು ಹತ್ತು ಗಂಟೆ ದೀಪ ಉರಿಸುತ್ತೇವೆ, ಬರುವುದು ಪಾಚಿ. ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಆಹಾರ ಹಾಕಿ ಪುಣ್ಯ ಕಟ್ಟಿಕೊಳ್ಳುತ್ತಾರಲ್ಲ, ಅದೂ ಪಾಚಿಯ ಪಾಲಿಗೇ.

ಸರಿ, ತಿನ್ನುವವರನ್ನು ತರೋಣವೆಂದು ವಡೋದರಾದ ಅಂಗಡಿಗೆ ಹೋದರೆ ಮೊದಲು ತೋರಿಸುವುದು ಸಕ್ಕರ್ ಮೀನು. ಎರಡಿಂಚಿನ ಪಾಪದ ಪ್ರಾಣಿ, ಗಾಜಿಗೆ ಬಾಯಿ ಅಂಟಿಸಿಕೊಂಡು ನೇತಾಡುತ್ತಿರುತ್ತದೆ. ದಕ್ಷಿಣ ಅಮೆರಿಕದ ಈ ಅತಿಥಿ ಬೆಳೆದರೆ ಒಂದಡಿ ದಾಟುತ್ತದೆ. ಆಮೇಲೆ ತೊಟ್ಟಿ ಅದಕ್ಕೆ, ವರಾಂಡ ನಮಗೆ. ಸಾಕಲಾಗದೆ ಕೆರೆಗೆ ಬಿಟ್ಟವರೂ ಉಂಟು, ಅದು ಕೆರೆಗೆ ಮಾಡುವ ದ್ರೋಹ. ಚೈನೀಸ್ ಆಲ್ಗೀ ಈಟರ್ ಎಂಬ ಮೀನು ಎಳೆತನದಲ್ಲಿ ಬಹುಮಟ್ಟಿಗೆ ಸಸ್ಯಾಹಾರಿ. ಪ್ರಾಯಕ್ಕೆ ಬಂದಮೇಲೆ ಬೇರೆ ಮೀನುಗಳ ಮೈಗೇ ಬಾಯಿ ಹಾಕುತ್ತದೆ. ಜಪಾನಿನ ತಕಾಶಿ ಅಮಾನೊ ಜನಪ್ರಿಯಗೊಳಿಸಿದ ಅಮಾನೊ ಸಿಗಡಿ ಬಲು ನಿಷ್ಠಾವಂತ, ಆದರೆ ಗುಜರಾತಿನ ಮೇ ತಿಂಗಳನ್ನು ತಡೆದುಕೊಳ್ಳಬೇಕಲ್ಲ!

ಕೊನೆಗೆ ನನ್ನ ಓಟು ನೆರೈಟ್ ಬಸವನಹುಳುವಿಗೆ. ಗಿಡದ ತಂಟೆಗೆ ಹೋಗದು, ಗಾಜನ್ನು ಉಜ್ಜಿದಂತೆ ಸವರಿಕೊಂಡು ಹೋಗುತ್ತದೆ. ಮರಿಗಳು ಬೆಳೆಯಲು ಉಪ್ಪುನೀರು ಬೇಕು, ಆದ್ದರಿಂದ ಸಂತಾನದ ಕಾಟವಿಲ್ಲ. ಎಳ್ಳಿನಂಥ ಬಿಳಿ ಮೊಟ್ಟೆಯನ್ನು ಮಾತ್ರ ಕಂಡಕಂಡಲ್ಲಿ ಅಂಟಿಸುತ್ತದೆ.

ಪಕ್ಕದ ಮನೆಯ ಬೆನ್ (ಗುಜರಾತಿಯಲ್ಲಿ ಅಕ್ಕ) ಎಲ್ಲ ಕೇಳಿ ಮೆಚ್ಚಿದರು. ಮೊಟ್ಟೆಯ ಸುದ್ದಿ ಬಂದದ್ದೇ ಮುಖ ಚಿಕ್ಕದಾಯಿತು: "ಅಯ್ಯೋ, ನಮ್ಮ ಮನೆಯಲ್ಲಿ ಮೊಟ್ಟೆ ನಡೆಯೋದಿಲ್ಲ!"