ವಾಲ್ಧುನಿಯ ಫೇಜ್ ಮಹನೀಯರಿಗೆ

ಬ್ಯಾಕ್ಟೀರಿಯಾಗಳನ್ನು ಹೊಕ್ಕು ಬಾಳುವ ಸನ್ಮಾನ್ಯ ಫೇಜ್ ವೈರಸ್ಸುಗಳೇ,

ಮುಂಬೈ ಬಳಿಯ ಡೊಂಬಿವಲಿಯ ಕನ್ನಡಿಗನ ಸಾಷ್ಟಾಂಗ ನಮಸ್ಕಾರಗಳು. ಅಂಬರನಾಥದ ಪುರಾತನ ಶಿವಾಲಯದ ಮಗ್ಗುಲಲ್ಲೇ ಹರಿದು, ಊರೂರ ಕೊಳಚೆ ಹೊತ್ತು, ಕಲ್ಯಾಣದ ಬಳಿ ಉಲ್ಹಾಸ ನದಿಯನ್ನು ಸೇರುವ ವಾಲ್ಧುನಿ ತಮ್ಮ ಬಿಡಾರ. ಮಲದ ಬ್ಯಾಕ್ಟೀರಿಯಾ ಇದ್ದಲ್ಲೆಲ್ಲ ತಾವೂ ದಯಮಾಡಿಸುತ್ತೀರಿ. ಗಂಗೆ, ಯಮುನೆಯ ನೀರು ಕಾಲರಾ ರೋಗಾಣುವನ್ನು ಕೊಲ್ಲುತ್ತದೆಂದು 1896ರಲ್ಲಿ ವಿಜ್ಞಾನಿ ಹ್ಯಾಂಕಿನ್ ಬರೆದರು. ಅದು ತಮ್ಮ ಕೈಚಳಕವೇ ಇರಬೇಕೆಂದು ಮುಂದೆ ಹಲವರು ಊಹಿಸಿದರು. ಅದಕ್ಕಾಗಿ ತಮ್ಮ ಮೇಲೆ ನನಗೂ ಗೌರವವಿದೆ.

ಆದರೆ ಮಹನೀಯರೇ, ಕಾಲರಾಕ್ಕೆ ವಿಷ ಕೊಟ್ಟವರೂ ತಾವೇ ಅಲ್ಲವೇ? ಕಾಲರಾ ರೋಗಾಣು ವಿಬ್ರಿಯೊ ಕಾಲರೆಯ ವಿಷದ ಜೀನು ಸಿಟಿಎಕ್ಸ್-ಫೈ ಎಂಬ ತಮ್ಮ ಬಂಧುವಿನದೆಂದು ವಾಲ್ಡರ್ ಮತ್ತು ಮೆಕಲಾನೋಸ್ 1996ರಲ್ಲಿ ತೋರಿಸಿಕೊಟ್ಟರು. ಆ ಬಂಧು ಮಹಾಶಯರು ತಾವು ಹೊಕ್ಕ ಮನೆಯ ಯಜಮಾನನನ್ನು ಕೊಲ್ಲುವುದೂ ಇಲ್ಲ. ವಿಷವಿಲ್ಲದ ವಿಬ್ರಿಯೊದೊಳಗೆ ಸೇರಿ, ಅದರ ವರ್ಣತಂತುವಿನಲ್ಲೇ ನೆಲೆಸಿ, ಮಕ್ಕಳ ಕರುಳಿನ ನೀರು ಬಸಿದುಹೋಗುವಂತೆ ಮಾಡುವ ವಿದ್ಯೆ ಕಲಿಸುತ್ತಾರೆ. ಗಂಟಲುಮಾರಿಯ ವಿಷವೂ ತಮ್ಮದೇ ಪ್ರಸಾದ. ಫ್ರೀಮನ್ 1951ರಲ್ಲೇ ಅದನ್ನು ಕಂಡಿದ್ದರು. ಇಷ್ಟು ಔದಾರ್ಯ ಬೇಡವಾಗಿತ್ತು.

ತಮ್ಮ ಸಾಗಾಟದ ಬಗ್ಗೆಯೂ ವಿನಮ್ರ ದೂರಿದೆ. ತಮ್ಮಲ್ಲಿ ಕೆಲವರು ಆತಿಥೇಯ ಬ್ಯಾಕ್ಟೀರಿಯಾದೊಳಗೆ ಮರಿಗಳ ತಲೆಗೆ ಡಿಎನ್ಎ ತುಂಬುವಾಗ, ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ ರೈಲಿನಂತೆ, ಯಾರೆಂದು ನೋಡದೆ ಭರ್ತಿಯಾಗುವವರೆಗೂ ತುರುಕುತ್ತೀರಿ. ಒಮ್ಮೊಮ್ಮೆ ತಮ್ಮ ಡಿಎನ್ಎ ಬದಲು ಬ್ಯಾಕ್ಟೀರಿಯಾದ್ದೇ ತುಂಡು ಏರಿಬಿಡುತ್ತದೆ. ಆ ಮರಿ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಚುಚ್ಚಿದಾಗ ಹಳೆಯವನ ಜೀನು ಹೊಸಬನ ಸ್ವತ್ತಾಗುತ್ತದೆ. ಝಿಂಡರ್ ಮತ್ತು ಲೆಡರ್‌ಬರ್ಗ್ ಸಾಲ್ಮೊನೆಲ್ಲಾದಲ್ಲಿ ಈ ರಹಸ್ಯ ಹಿಡಿದದ್ದು 1952ರಲ್ಲಿ. ಗಾಯಗಳನ್ನು ಕೀವಾಗಿಸುವ ಸ್ಟ್ಯಾಫಿಲೊಕಾಕಸ್ಸುಗಳಲ್ಲಿ ಆ್ಯಂಟಿಬಯಾಟಿಕ್‌ಗೆ ಬಗ್ಗದ ಜೀನುಗಳನ್ನೂ ತಾವು ಹೀಗೆಯೇ ಮನೆಮನೆಗೆ ಮುಟ್ಟಿಸುತ್ತೀರಿ.

ತಮ್ಮನ್ನು ಎಬ್ಬಿಸುವವರು ನಾವೆಂಬುದು ನಿಜ. ಬ್ಯಾಕ್ಟೀರಿಯಾದೊಳಗೆ ಮಲಗಿರುವ ಫೇಜನ್ನು ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧ ಎಚ್ಚರಿಸಬಲ್ಲದು: ಡಿಎನ್ಎ ಪೆಟ್ಟು ತಿಂದ ಬ್ಯಾಕ್ಟೀರಿಯಾ ಅಪಾಯದ ಕರೆ ಕೊಟ್ಟೊಡನೆ ತಾವು ಎದ್ದು, ಹೆಚ್ಚಿ, ಅದನ್ನು ಒಡೆದು ಹೊರಬೀಳುತ್ತೀರಿ. ಆದರೂ ವೈದ್ಯರ ಚೀಟಿಯಿಲ್ಲದೆ ಗುಳಿಗೆ ಕೊಡುವ ಅಂಗಡಿಗಳಿವೆ. ಎರಡು ದಿನಕ್ಕೆ ಜ್ವರ ಇಳಿದರೆ ಉಳಿದ ಗುಳಿಗೆ ಸಿಂಕಿಗೆ ಬೀಳುತ್ತದೆ. ಶುದ್ಧೀಕರಿಸದ ಕೊಳಚೆ ಬಿಟ್ಟು ತಮಗೆ ಸಂತೆ ಕಟ್ಟಿಕೊಟ್ಟವರೂ ನಾವೇ. ಕಲ್ಯಾಣ-ಡೊಂಬಿವಲಿಯ ನಲ್ಲಿಗಳು ಅದೇ ಉಲ್ಹಾಸವನ್ನು ನಂಬಿವೆ ಎಂದು ಬರೆಯುವಾಗ ನನಗೆ ಸಿಟ್ಟೂ ಸಂಕಟವೂ ಒಟ್ಟಿಗೆ ಬರುತ್ತವೆ.

ಕೊನೆಯದಾಗಿ ಒಂದು ಅರಿಕೆ. ಯಾವ ಆ್ಯಂಟಿಬಯಾಟಿಕ್ಕೂ ನಾಟದ ರೋಗಿಗಳಿಗೆ ಫೇಜ್ ಚಿಕಿತ್ಸೆ ಕೊಡುವ ವೈದ್ಯರಿದ್ದಾರೆ. 1923ರಲ್ಲಿ ಸ್ಥಾಪನೆಯಾದ, ಜಾರ್ಜಿಯಾ ದೇಶದ ಟಿಬಿಲಿಸಿಯ ಎಲಿಯಾವ ಸಂಸ್ಥೆ ಈ ಕೆಲಸದಲ್ಲಿದೆ. ಮಲಗಿ ಕಾಲ ಕಳೆಯದೆ ಹೊಕ್ಕೊಡನೆ ಕೊಲ್ಲುವ, ವಿಷದ ಜೀನು ಹೊರದ ಫೇಜ್‌ಗಳನ್ನೇ ಅವರು ಆರಿಸುತ್ತಾರೆ. ನಮ್ಮ ಆಸ್ಪತ್ರೆಗಳಿಂದ ಕರೆ ಬಂದಾಗ ತಮ್ಮ ಕುಲದ ಅಂಥವರನ್ನೇ ಕಳಿಸಿಕೊಡಬೇಕಾಗಿ ವಿನಂತಿ.

ಇತಿ ತಮ್ಮ ವಿಧೇಯ,
ಡೊಂಬಿವಲಿಯ ಓರ್ವ ನಿವಾಸಿ